ಅಕ್ಕನ ಮೊಣಕಾಲು, ನನ್ನ ಎರಡು ಬೆರಳು

ನನಗೆ ಒಪ್ಪಿಸಿದ್ದು ಬಹಳ ಸಣ್ಣ ಕೆಲಸ. ದಿನಕ್ಕೆರಡು ಸಲ ಅಕ್ಕನ ಮೊಣಕಾಲ ಚಿಪ್ಪಿನಿಂದ ಸ್ವಲ್ಪ ಮೇಲೆ, ತೊಡೆಯ ಒಳಮಗ್ಗುಲಿಗೆ, ಎರಡು ಬೆರಳಿಟ್ಟು ಕೂತಿರುವುದು. ಅದಕ್ಕೆ ಓದು ಬೇಡ, ಬಲವೂ ಬೇಡ. ಏಳನೆಯ ಇಯತ್ತೆಗೇ ಸಾಲಿ ಬಿಟ್ಟವಳಿಗೂ ಆಗುವಂಥದ್ದು. ಅದನ್ನು ನಾನು ಒಂದು ತಿಂಗಳು ಮಾಡಲಿಲ್ಲ. ಮಾಡದೆ ಸುಮ್ಮನಿದ್ದರೆ ಬರೀ ಮೈಗಳ್ಳಿ ಅನ್ನಿಸಿಕೊಳ್ಳುತ್ತಿದ್ದೆ. ನಾನು ಮಾಡಿದ ಹಾಗೆ ತೋರಿಸಿದೆ. ಕೆಲಸ ತಪ್ಪಿಸಬೇಕಾದರೂ ಒಂದಿಷ್ಟು ಕೆಲಸ ಮಾಡಲೇಬೇಕಾಗುತ್ತದೆ ಎಂಬುದು ನನ್ನ ಅನುಭವ.

ದೇವರ ಹಿಪ್ಪರಗಿಯಲ್ಲಿ ನಾವು ಅಕ್ಕತಂಗಿ ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತೇವೆ. ಅಕ್ಕ ನೀಲವ್ವ ಬಡಿಯುತ್ತಾಳೆ, ನಾನು ಬೇಯಿಸುತ್ತೇನೆ. ಒಂದು ಕಾಲು ಮಡಚಿ, ಇನ್ನೊಂದರ ಮೊಣಕಾಲು ಮೇಲೆತ್ತಿ ಕೂತು ಅವಳು ಬಡಿಯಲು ಹತ್ತಿದರೆ ರೊಟ್ಟಿ ತಾನಾಗಿ ತಿರುಗುತ್ತದೆ. ಬಡಿಯಲು ನನಗೂ ಬರುತ್ತದೆ, ಗುಂಡಗಾಗುವುದಿಲ್ಲ ಅಷ್ಟೆ. ಒಮ್ಮೆ ಖಾನಾವಳಿಯ ಮಾಲಕರು ನನ್ನ ರೊಟ್ಟಿಯನ್ನು ಜಿಲ್ಲೆಯ ನಕಾಶೆಯ ಹಾಗೆ ಎತ್ತಿ ಹಿಡಿದು, ಇದರಾಗ ಇಂಡಿ ಎಲ್ಲಿ ಬರ್ತೈತಿ, ಮುದ್ದೇಬಿಹಾಳ ಎಲ್ಲಿ ಬರ್ತೈತಿ ತೋರಸವ್ವಾ ಎಂದಿದ್ದರು. ಅಂದಿನಿಂದ ನಾನು ಹಂಚು ಬಿಟ್ಟು ಏಳಲಿಲ್ಲ.

ಹೀಗಿರುವಾಗ ಅಕ್ಕನ ಮೊಣಕಾಲ ಚಿಪ್ಪು ನೋಯತೊಡಗಿತು. ಕೂತವಳು ಏಳುವಾಗ ಗೋಡೆ ಹಿಡಿಯುತ್ತಿದ್ದಳು, ಬಸ್ಸಿನಿಂದ ಇಳಿಯುವಾಗ ನನ್ನ ಹೆಗಲು. ಸ್ಟೂಲಿನ ಮೇಲೆ ಕೂತು ಬಡಿದು ನೋಡಿದಳು. ರೊಟ್ಟಿ ದಪ್ಪಗಾಗಿ ಅವಳಿಗೇ ನಾಚಿಕೆಯಾಯಿತು. ಕೊನೆಗೆ ಸಿಂದಗಿಯಲ್ಲಿ ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮನ ಹತ್ತಿರ ಹೋದೆವು. ಆಕೆ ಕಾಲು ಮುಟ್ಟಿ ನೋಡಿ ವಿವರಿಸಿದಳು. ಚಿಪ್ಪನ್ನು ತೊಡೆಯ ಮಾಂಸಖಂಡಗಳು ಎರಡೂ ಮಗ್ಗುಲಿನಿಂದ ಹಿಡಿದಿರುತ್ತವಂತೆ. ಎರಡೂ ಕೂಡಿ ಎಳೆದರೆ ಚಿಪ್ಪು ನೆಟ್ಟಗೆ ಸರಿಯುತ್ತದೆ. ಅಕ್ಕನ ತೊಡೆಯಲ್ಲಿ ಹೊರಗಿನದು ಮೊದಲೇ ಏಳುತ್ತದೆ, ಒಳಗಿನದು ತಡ ಮಾಡುತ್ತದೆ. ಅಷ್ಟರಲ್ಲಿ ಚಿಪ್ಪು ಹೊರಕ್ಕೆ ಜಗ್ಗಿ ತಿಕ್ಕುತ್ತದೆ.

ನನಗೆ ಇದು ಕೂಡಲೇ ತಿಳಿಯಿತು. ಗಿರಣಿಯಿಂದ ಹಿಟ್ಟಿನ ಚೀಲ ತರುವಾಗ ನಾವಿಬ್ಬರೂ ಒಂದೊಂದು ತುದಿ ಹಿಡಿಯುತ್ತೇವೆ. ಎತ್ತು ಅಂದಕೂಡಲೇ ಅಕ್ಕ ಎತ್ತುತ್ತಾಳೆ. ನಾನು ಸೆರಗು ಸಿಗಿಸಿ, ಬೆವರು ಒರೆಸಿ, ಆಮೇಲೆ ಎತ್ತುತ್ತೇನೆ. ನಡುವೆ ಭಾರವೆಲ್ಲ ಅವಳ ಕಡೆ. ಇದನ್ನು ನಾನು ಡಾಕ್ಟರಮ್ಮನಿಗೆ ಹೇಳಲಿಲ್ಲ. ಆಕೆ ಕೇಳಲೂ ಇಲ್ಲ.

ಹೇಳಿಕೊಟ್ಟದ್ದು ಇಷ್ಟೇ. ಮೊಣಕಾಲ ಕೆಳಗೆ ಟವೆಲ್ ಸುತ್ತಿ ಇಟ್ಟು, ಅಕ್ಕ ಅದನ್ನು ಒತ್ತಿ ತೊಡೆ ಬಿಗಿ ಮಾಡಬೇಕು. ಒಳಗಿನದು ಬಿಗಿಯಾಯಿತೋ ಇಲ್ಲವೋ ನಾನು ಬೆರಳಿನಿಂದ ನೋಡಬೇಕು. ಆಗದಿದ್ದರೆ ಮೆಲ್ಲಗೆ ತಟ್ಟಿ ಎಬ್ಬಿಸಬೇಕು, ಅದು ಎದ್ದ ಮೇಲೆಯೇ ಹತ್ತರವರೆಗೆ ಎಣಿಸಬೇಕು. ಮೊದಲ ದಿನ ತಟ್ಟಿದೆ, ಕಾದೆ, ಮತ್ತೆ ತಟ್ಟಿದೆ. ಅದು ಏಳುವಷ್ಟರಲ್ಲಿ ಪಕ್ಕದಲ್ಲಿದ್ದ ನನ್ನ ಚಹಾ ಆರಿ ಕೆನೆ ಕಟ್ಟಿತ್ತು. ಮರುದಿನ ಬೆರಳು ಹೊರಮಗ್ಗುಲಿಗೆ ಸರಿದವು. ತಾವಾಗಿ ಸರಿದವು ಎಂದು ಬರೆಯಬೇಕೆಂದಿದ್ದೆ, ಆದರೆ ಸರಿಸಿದವಳು ನಾನು. ಅಲ್ಲಿಯದು ಬಲು ಚುರುಕು, ಒತ್ತಿದ ಕೂಡಲೇ ಕಲ್ಲಾಗುತ್ತಿತ್ತು. ಬಂತು ನೋಡು ಅನ್ನುತ್ತಿದ್ದೆ, ಸರಸರ ಹತ್ತು ಎಣಿಸುತ್ತಿದ್ದೆ, ಬಿಸಿ ಚಹಾ ಕುಡಿಯುತ್ತಿದ್ದೆ. ಅಕ್ಕ ಕಣ್ಣು ಮುಚ್ಚಿ ಒತ್ತುತ್ತಿದ್ದಳು. ನಾನಿರುವಾಗ ತಾನು ನೋಡುವುದು ಏನಿದೆ ಎಂದು ಅವಳ ನಂಬಿಕೆ.

ತಿಂಗಳ ಮೇಲೆ ಡಾಕ್ಟರಮ್ಮ ಮತ್ತೆ ಮುಟ್ಟಿ ನೋಡಿ, ಒಳಗಿನದು ಇನ್ನೂ ಹಾಗೇ ಇದೆ, ಬೆರಳಿಟ್ಟು ನೋಡುತ್ತಿದ್ದೀರಾ ಎಂದು ಕೇಳಿದಳು. ನಾನು ಗೋಡೆಯ ಮೇಲಿನ ಎಲುಬಿನ ಚಿತ್ರ ನೋಡತೊಡಗಿದೆ. ಅಕ್ಕನೇ ಉತ್ತರ ಕೊಟ್ಟಳು.

"ನಮ್ಮ ತಂಗಿ ಒಂದು ದಿನಾನೂ ತಪ್ಪಿಸಿಲ್ರಿ. ನನ್ನ ಕಾಲ ಮೊಂಡ ಐತ್ರಿ."

ಬೈದಿದ್ದರೆ ತಿರುಗಿ ಏನಾದರೂ ಅನ್ನುತ್ತಿದ್ದೆ. ಬಸ್ಸಿನಲ್ಲಿ ಊರು ಬರುವವರೆಗೂ ಕಿಟಕಿಯಾಚೆ ತೊಗರಿ ಹೊಲ ನೋಡಿದೆ. ಅಷ್ಟು ತೊಗರಿಯನ್ನು ಅದರ ಯಜಮಾನನೂ ನೋಡಿರಲಿಕ್ಕಿಲ್ಲ. ಮನೆಗೆ ಬಂದವಳೇ ಅಕ್ಕ ರೊಟ್ಟಿ ಬಡಿಯುವ ಪರಾತವನ್ನು ತೊಳೆದು, ಒರೆಸಿ, ಗೋಡೆಗೆ ಆನಿಸಿಟ್ಟಳು. ಮೂವತ್ತು ವರ್ಷದಲ್ಲಿ ಒಂದು ದಿನವೂ ಅದನ್ನು ಹಾಗೆ ಎತ್ತಿಟ್ಟವಳಲ್ಲ.

"ಇನ್ನ ನನ್ನಿಂದ ಆಗೂದಿಲ್ಲ. ನಾಳಿಂದ ಬಾಜೂ ಮನಿ ಶಾಂತವ್ವ ಬಡೀಲಿ, ಆಕಿಗಿ ಹೇಳಿ ಬರ್ತೇನಿ," ಎಂದು ಚಪ್ಪಲಿ ಹುಡುಕಿದಳು.

ನಾನು ಟವೆಲ್ ಸುತ್ತಿದೆ. ಇದೊಂದು ಸಲ ಮಾಡಿ ಹೋಗು ಎಂದು ಅವಳನ್ನು ಕೂಡಿಸಿ, ಬೆರಳುಗಳನ್ನು ಇಡಬೇಕಾದಲ್ಲಿ ಇಟ್ಟೆ. ಅವಳು ಒತ್ತಿದಳು. ಒಳಗಿನದು ಕದಲಲಿಲ್ಲ. ತಟ್ಟಿದೆ. ಅಕ್ಕ ಕಣ್ಣು ತೆರೆದಳು.

"ಇದೇನ ಬೆರಳ ಇಲ್ಲಿ ಇಟ್ಟಿ? ದಿನಾ ಈ ಕಡೆ ಇಡ್ತಿದ್ದೆಲ್ಲ?"

ಹೊರಮಗ್ಗುಲನ್ನು ತೋರಿಸಿ ಕೇಳಿದಳು. ಬಂದ ಕೂಡಲೇ ನಾನು ಕಾಸಿದ್ದ ಚಹಾ ಪಕ್ಕದಲ್ಲೇ ಆರುತ್ತಿತ್ತು. ಮತ್ತೆ ತಟ್ಟಿದೆ, ಕಾದೆ. ಬೆರಳ ಕೆಳಗೆ ಏನೋ ಮೆಲ್ಲಗೆ, ತಡವಾಗಿ, ಬಿಗಿಯಾಗತೊಡಗಿತು. ಅದರ ಹಿಂದೆಯೇ, ಅದಕ್ಕಿಂತಲೂ ತಡವಾಗಿ, ನಾನೂ ಬಾಯಿ ಬಿಟ್ಟೆ.

"ತಪ್ಪಾತ ಅಕ್ಕಾ. ಚಹಾದ ಆಸೇಕ ಒಂದ ತಿಂಗಳ ಸುಳ್ಳ ಎಣಿಸೇನಿ. ನಿನ್ನ ಕಾಲ ಮೊಂಡಲ್ಲ, ನಾನ ಮೊಂಡ. ಶಾಂತವ್ವನ ಮನಿಗಿ ಹೋಗಬ್ಯಾಡ. ಒತ್ತು, ಒಂದರಿಂದ ಎಣಸ್ತೇನಿ."