ಹಡಗಿನಲ್ಲಿ ಪಾರ್ಸೆಲ್ ಸಿಗುವುದಿಲ್ಲ

ನನ್ನ ಸೋದರಮಾವನಿಗೆ ಈಜು ಬಾರದು. ಜೀವಮಾನದಲ್ಲಿ ನೀರಿನ ಮೇಲೆ ಹೋದದ್ದು ಒಂದೇ ಸಲ, ಎಲಿಫೆಂಟಾದ ಲಾಂಚಿನಲ್ಲಿ, ಅದೂ ಕಣ್ಣು ಮುಚ್ಚಿಕೊಂಡು. ಆದರೂ ಪ್ರವಾಸಿ ಹಡಗಿನಲ್ಲಿ ಹೇಗೆ ಉಣ್ಣಬೇಕು, ಹೇಗೆ ಮಲಗಬೇಕು, ಮುಖ್ಯವಾಗಿ ಹೇಗೆ ಸಾಯಬೇಕು ಎಂಬ ವಿಷಯದಲ್ಲಿ ಮುಂಬಯಿಯ ಇಡೀ ಭಾಂಡುಪಿನಲ್ಲಿ ಅವರ ಮಾತಿಗೆ ಎದುರಿಲ್ಲ.

ಈ ಪಾಂಡಿತ್ಯ ಎಲ್ಲಿಂದ ಬಂತು ಅಂತೀರಾ? ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಅವರು ಮೂವತ್ತೆರಡು ವರ್ಷ ಮ್ಯಾನೇಜರಾಗಿದ್ದರು. ಬಂದರು ಅಲ್ಲಿಗೆ ಹತ್ತಿರ. ಹಡಗು ಹತ್ತುವವರು ಕೊನೆಯ ಇಡ್ಲಿ ತಿನ್ನಲು ಅಲ್ಲಿಗೆ ಬರುತ್ತಿದ್ದರು, ಇಳಿದವರು ಮೊದಲ ಇಡ್ಲಿ ತಿನ್ನಲು ಬರುತ್ತಿದ್ದರು. ಇಳಿದವರ ಗೋಳನ್ನು ಹತ್ತುವವರಿಗೆ ದಾಟಿಸುವುದು ಮಾವನ ಕಸುಬಾಯಿತು. ನಿವೃತ್ತರಾದ ಮೇಲೆ ಬಿಲ್ಡಿಂಗಿನವರಿಗೆಲ್ಲ ಪುಕ್ಕಟೆ ಸಲಹೆ. ದೊಡ್ಡ ಪೆಟ್ಟಿಗೆಯನ್ನು ಬಂದರಿನಲ್ಲೇ ತೆಗೆದುಕೊಂಡು ಹೋಗುತ್ತಾರೆ, ಅದು ರೂಮಿಗೆ ಬರುವುದು ಸಂಜೆ. ಆದ್ದರಿಂದ ಕಾಗದಪತ್ರ, ಮಾತ್ರೆ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ಇಸ್ತ್ರಿಪೆಟ್ಟಿಗೆ ಒಯ್ಯಬೇಡಿ, ಕಿತ್ತಿಟ್ಟುಕೊಳ್ಳುತ್ತಾರೆ. ಊರು ನೋಡಲು ಇಳಿದರೆ ಹೊತ್ತಿಗೆ ಮುಂಚೆ ವಾಪಸ್ ಬನ್ನಿ, ಹಡಗು ನಿಮ್ಮ ಸೊಸೈಟಿಯ ವಾಚ್‌ಮನ್ ಅಲ್ಲ, ಕಾಯುವುದಿಲ್ಲ. ಬಫೆಯ ಮೇಲೆ ಮೊದಲ ದಿನವೇ ಎರಗಬೇಡಿ.

ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಮಾವನ ಪ್ರತಿ ಸಲಹೆಯೂ ಒಂದು ಹೆಣದೊಂದಿಗೆ ಮುಗಿಯುತ್ತಿತ್ತು. ಬಫೆಗೆ ಎರಗಿದವನೊಬ್ಬ ಐಸ್‌ಕ್ರೀಮಿನ ಎದುರೇ ಕುಸಿದ. ಮಾತ್ರೆಯನ್ನು ದೊಡ್ಡ ಪೆಟ್ಟಿಗೆಯಲ್ಲಿಟ್ಟವಳು ಪೆಟ್ಟಿಗೆ ಬರುವ ಮೊದಲೇ ಹೋದಳು. ಮೂರನೇ ಮಾಳಿಗೆಯ ದಂಪತಿ ಮದುವೆಯ ಇಪ್ಪತ್ತೈದನೇ ವರ್ಷಕ್ಕೆಂದು ಹಡಗಿಗೆ ಹೊರಟಿದ್ದರು. ಮಾವನ ಜೊತೆ ಅರ್ಧ ಗಂಟೆ ಕೂತು ಎದ್ದವರು ಮಹಾಬಲೇಶ್ವರಕ್ಕೆ ಹೋಗಿ ಬಂದರು.

ನನಗೆ ಕಾಲೇಜಿನಿಂದಲೂ ಚರ್ಚಾಸ್ಪರ್ಧೆಯ ಚಟ. ಬಿಡಲಾದೀತೇ? "ಮಾವ, ನೀವು ಹಡಗು ಹತ್ತಿದವರಲ್ಲ. ಸತ್ತವರನ್ನು ಕಂಡವರೂ ಅಲ್ಲ. ಇದೆಲ್ಲ ಯಾರೋ ಹೇಳಿದ್ದು. ಕೇಳಿದ ಮಾತು ಸಾಕ್ಷಿಯಾಗುವುದಿಲ್ಲ" ಎಂದೆ.

"ಹೌದಾ? ನೀನು ಹುಟ್ಟಿದ್ದು ಘಾಟ್ಕೋಪರಿನಲ್ಲಿ ಅಂತ ನಿಂಗೆ ಹೇಗೆ ಗೊತ್ತು?"

"ಅಮ್ಮ ಹೇಳಿದ್ದು."

"ಮತ್ತೆ? ಸುಮ್ನೆ ಕೂತ್ಕೊ."

ಆರು ಪದಕ ಗೆದ್ದವಳು ಎದ್ದು ಅವರಿಗೆ ಚಹಾ ಮಾಡಲು ಹೋದೆ.

ಇಷ್ಟೂ ವರ್ಷ ಒಳಗಿನಿಂದ ಇದನ್ನೆಲ್ಲ ಕೇಳಿಸಿಕೊಂಡವರು ನನ್ನ ಅತ್ತೆ, ಅಂದರೆ ಮಾವನ ಹೆಂಡತಿ. ಎಂಟು ತಿಂಗಳಿಂದ ಅವರ ಹೃದಯ ಕೆಲಸ ನಿಲ್ಲಿಸುವ ಹವಣಿಕೆಯಲ್ಲಿತ್ತು. ಮಾಡುವುದೆಲ್ಲ ಮಾಡಿ ಮುಗಿಯಿತು, ಇನ್ನು ಅವರಿಗೆ ಏನು ಇಷ್ಟವೋ ಅದನ್ನು ಕೊಡಿ ಎಂದರು ಡಾಕ್ಟರು. ಮಾವ ಮಂಚದ ಬದಿಯಲ್ಲಿ ಕೂತು ಕೇಳಿದರು, "ಎಂತ ಬೇಕು ಹೇಳು. ನೀರ್‌ದೋಸೆ? ಊರಿಗೆ ಹೋಗುವನಾ?"

ಅತ್ತೆ ಕೇಳಿದರು: "ಮುಂಬಯಿಯವರನ್ನೆಲ್ಲ ಹಡಗು ಹತ್ತಿಸಿದ್ರಿ ನೀವು. ನನ್ನನ್ನು ಯಾವಾಗ?"

ಮಾವನ ಮುಖ ನೋಡಬೇಕಿತ್ತು. ಹಡಗಿನ ಬಗ್ಗೆ ಏನೂ ಗೊತ್ತಿಲ್ಲದ ಗಂಡನಾಗಿದ್ದರೆ ಖುಷಿಯಿಂದ ಟಿಕೆಟು ತೆಗೆಯುತ್ತಿದ್ದ. ಇವರಿಗೆ ಎಲ್ಲ ಗೊತ್ತಿತ್ತು. ಡಾಕ್ಟರು ಪತ್ರ ಬರೆದುಕೊಟ್ಟು, ಹೋಗುವುದಾದರೆ ಈ ತಿಂಗಳೇ ಹೋಗಿ, ಆಮೇಲೆ ನಾನು ಸಹಿ ಹಾಕಲಾರೆ ಎಂದರು. ಗೋವಾಕ್ಕೆ ಹೋಗಿ ಬರುವ ಹಡಗು. ಗಾಲಿಕುರ್ಚಿ ತಳ್ಳಲು ನಾನು. ಅತ್ತೆಯನ್ನು ಜೀವಸಹಿತ ಕರೆದೊಯ್ದು ಜೀವಸಹಿತ ಮನೆಗೆ ತರುವುದು, ಮಾವನ ಎದುರಿಗಿದ್ದದ್ದು ಇಷ್ಟೇ. ಅದಕ್ಕಾಗಿ ಒಂದು ನೋಟ್‌ಬುಕ್ ತಂದು ನಲವತ್ತೊಂದು ಪ್ರಶ್ನೆ ಬರೆದರು. ಹಡಗಿನಲ್ಲಿ ಡಾಕ್ಟರು ಇದ್ದಾರೋ, ಇದ್ದರೆ ಮಲಗಿದಾಗ ಎಬ್ಬಿಸಬಹುದೋ. ಲಿಫ್ಟಿನಲ್ಲಿ ಗಾಲಿಕುರ್ಚಿ ಹಿಡಿಯುತ್ತದೋ. ಅದೇ ಲಿಫ್ಟಿನಲ್ಲಿ ಸ್ಟ್ರೆಚರು ಹಿಡಿಯುತ್ತದೋ. ಹಾಗೇ ಮುಂದಕ್ಕೆ, ಕ್ರಮೇಣ ಕತ್ತಲೆಗೆ ಇಳಿಯುವ ಪ್ರಶ್ನೆಗಳು.

ಕಂಪನಿಗೆ ಫೋನು ಹಚ್ಚಿದರು. ಸ್ಪೀಕರ್ ಹಾಕಿದ್ದರು. ಹುಡುಗಿಯೊಬ್ಬಳು ಮೂವತ್ತೆಂಟು ಪ್ರಶ್ನೆಗಳವರೆಗೆ ಜೇನಿನಂತಹ ಹಿಂದಿಯಲ್ಲಿ ಉತ್ತರಿಸಿದಳು. ಮೂವತ್ತೊಂಬತ್ತನೆಯದಕ್ಕೆ ಮಾವ ದನಿ ತಗ್ಗಿಸಿದರು. ಹಡಗಿನಲ್ಲಿ ಸತ್ತವರನ್ನು ಸಮುದ್ರಕ್ಕೇ ಇಳಿಸಿಬಿಡುತ್ತಾರೆ ಎಂದು ಹಿಂದೆ ಯಾವನೋ ಗಿರಾಕಿ ಅವರ ತಲೆಗೆ ತುಂಬಿದ್ದ. ಹೆಣವನ್ನು ಮನೆಗೆ ಕೊಡುತ್ತಾರೋ ಇಲ್ಲವೋ, ಅದನ್ನು ಕೇಳಬೇಕಿತ್ತು. ಒಳಗೆ ಮಲಗಿರುವ ಹೆಂಡತಿಗೆ ಕೇಳಿಸಬಾರದು. ಮೂವತ್ತೆರಡು ವರ್ಷ ಹೋಟೆಲು ನಡೆಸಿದವರ ಬಾಯಿಗೆ ಬಂದದ್ದು ಒಂದೇ ಶಬ್ದ. ಕಟ್ಟಿ ಮನೆಗೆ ಕಳಿಸುವುದಕ್ಕೆಲ್ಲ ಅವರಲ್ಲಿದ್ದದ್ದು ಅದೊಂದೇ.

"ಮೇಡಂ, ಬೀಚ್ ಮೇ ಆದ್ಮಿ ಆಫ್ ಹೋ ಗಯಾ ತೋ ಪಾರ್ಸೆಲ್ ಮಿಲೇಗಾ ಕ್ಯಾ?"

ಆಫ್ ಆಗುವುದೆಂದರೆ ಸಾಯುವುದು ಎಂದು ಮುಂಬಯಿಗೆಲ್ಲ ಗೊತ್ತು. ಆ ಹುಡುಗಿ ಯಾವ ಊರಿನವಳೋ, ಅವಳಿಗೆ ಕೇಳಿಸಿದ್ದು ಪಾರ್ಸೆಲ್ ಮಾತ್ರ. "ಸಾರಿ ಸರ್, ಪಾರ್ಸೆಲ್ ಅಲೌಡ್ ನಹೀ ಹೈ. ಜೋ ಭೀ ಹೈ, ವಹೀಂ ಖತಮ್ ಕರನಾ ಪಡೇಗಾ."

"ವಹೀಂ?" ಏನಿದ್ದರೂ ಅಲ್ಲೇ ಮುಗಿಸಬೇಕು ಎಂಬುದನ್ನು ಬರೆದುಕೊಳ್ಳಲು ಹೊರಟ ಮಾವ ಪೆನ್ನು ಎತ್ತಿಬಿಟ್ಟರು.

"ಜೀ ಸರ್. ಲೇಕಿನ್ ಅನ್‌ಲಿಮಿಟೆಡ್ ಹೈ."

ಫೋನು ಕಿತ್ತುಕೊಂಡು ನಾನೇ ಬಿಡಿಸಿ ಕೇಳಿದೆ. ಆಕೆ ಗಾಬರಿಯಾಗಿ ಯಾರನ್ನೋ ಕರೆದಳು. ಆತ ಶಾಂತವಾಗಿ, ಅಂಥದಕ್ಕೆ ಹಡಗಿನಲ್ಲಿ ತಣ್ಣನೆಯ ಕೋಣೆಯಿದೆ, ದಡ ಮುಟ್ಟಿದ ಮೇಲೆ ಮನೆಯವರಿಗೆ ಒಪ್ಪಿಸುತ್ತೇವೆ ಎಂದ. ಮಾವನಿಗೆ ಹೇಳಿದೆ.

"ತಣ್ಣನೆ ಕೋಣೆ ಅಂದ್ರೆ ತರಕಾರಿಯದ್ದಾ?"

"ಅಲ್ಲ ಮಾವ, ಅದು ಬೇರೆ."

"ಬೇರೆ ಅಂತ ಬರ್ಕೊ."

ಬರೆದುಕೊಂಡೆ. ಒಳಗಿನಿಂದ ಅತ್ತೆಯ ದನಿ ಬಂತು: "ನನ್ನದು ಪಾರ್ಸೆಲ್ ಆಗುದಿದ್ರೆ ಚಟ್ನಿ ಬೇರೆ ಕಟ್ಲಿಕ್ಕೆ ಹೇಳಿ."

ಹೊರಡುವ ದಿನ ಮಾವ ಕೈಚೀಲವನ್ನು ಯಾರಿಗೂ ಮುಟ್ಟಗೊಡಲಿಲ್ಲ. ಬಂದರಿನ ತಪಾಸಣೆಯಲ್ಲಿ ಅದರ ಗುಟ್ಟು ರಟ್ಟಾಯಿತು. ಗಾರ್ಡು ಒಂದೊಂದೇ ತೆಗೆದಿಟ್ಟ. ಬಿಳಿ ಪಂಚೆ, ಹೊಸದು. ಒಣಗಿದ ತುಳಸಿ. ವಿಭೂತಿ. ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿ.

"ಯೇ ಕ್ಯಾ ಹೈ?"

"ಗಂಗಾಜಲ" ಎಂದರು ಮಾವ, ಅತ್ತೆಯ ಕಡೆ ನೋಡದೆ.

ಗಾರ್ಡು ನಕ್ಕ. ಹಡಗಿಗೆ ವೋಡ್ಕಾ ಕದ್ದೊಯ್ಯುವವರೆಲ್ಲ ನೀರಿನ ಬಾಟಲಿಯಲ್ಲೇ ಒಯ್ಯುವುದಂತೆ. ಅದಕ್ಕೆ ಗಂಗಾಜಲ ಎಂಬ ಹೆಸರು ಅವನಿಗೆ ಹೊಸದಲ್ಲ. ಮೂಸಿದ. ಅನುಮಾನ ಹೋಗಲಿಲ್ಲ. "ಚಾಚಾ, ಪೀಕೇ ದಿಖಾವೋ" ಎಂದ. ಕುಡಿದು ತೋರಿಸಬೇಕು.

ಪ್ರಾಣ ಹೋಗುವ ಹೊತ್ತಿನಲ್ಲಿ ಬಾಯಿಗೆ ಬಿಡಲೆಂದು ತಂದ ನೀರು ಅದು. ಹಿಂದೆ ನೂರು ಜನರ ಸಾಲು. ಮಾವ ಚಪ್ಪಲಿ ಕಳಚಿಟ್ಟು, ಕಣ್ಣು ಮುಚ್ಚಿ, ಎತ್ತಿ ಎರಡು ಗುಟುಕು ಕುಡಿದರು.

ಗಾಲಿಕುರ್ಚಿಯಿಂದ ಅತ್ತೆ ಎಂದರು: "ನೋಡಿದ್ಯಾ, ಇಲ್ಲೂ ನನಗಿಂತ ಮೊದಲು ಅವರೇ."

ನಗುವುದೇ, ಬಿಡುವುದೇ? ಯೋಚಿಸುವಷ್ಟರಲ್ಲಿ ಮುಂದಿನ ಮೇಜು ಬಂತು. ಅಲ್ಲಿದ್ದ ಮೆಡಿಕಲ್ ಆಫೀಸರು ಡಾಕ್ಟರ ಪತ್ರ ಕೇಳಿದ. ಮಾವ ಕೈಚೀಲಕ್ಕೆ ಕೈ ಹಾಕಿದರು. ತೆಗೆದರು. ಮತ್ತೆ ಹಾಕಿದರು. ಸಾಯಲು ಬೇಕಾದದ್ದೆಲ್ಲ ಕೈಚೀಲದಲ್ಲಿತ್ತು. ಜೀವಂತ ಹೋಗಲು ಬೇಕಾದ ಕಾಗದ ದೊಡ್ಡ ಪೆಟ್ಟಿಗೆಯೊಳಗೆ ಹಡಗಿನ ಹೊಟ್ಟೆಗೆ ಹೊರಟುಹೋಗಿತ್ತು. ಸಾವಿರ ಜನಕ್ಕೆ ಈ ಒಂದು ಸಲಹೆ ಕೊಟ್ಟವರು ಅವರು.

ಆಫೀಸರನ ಮುಂದೆ ನಾನು ಹದಿನೈದು ನಿಮಿಷ ವಾದಿಸಿದೆ. ನಿಯಮದ ಉದ್ದೇಶ ಏನು, ಕಾಗದ ಮುಖ್ಯವೋ ರೋಗಿ ಮುಖ್ಯವೋ, ಎಲ್ಲ ಕೋನದಿಂದ. ನನ್ನ ಜೀವನದ ಅತ್ಯುತ್ತಮ ವಾದ. ಆತ ಪೂರ್ತಿ ಕೇಳಿ, "ಲೆಟರ್?" ಎಂದ. ಪುಣ್ಯಕ್ಕೆ ಲೋಡರ್ ಒಬ್ಬ ಮುಕ್ಕಾಲು ಗಂಟೆ ಹುಡುಕಿ ಪೆಟ್ಟಿಗೆ ಹೊತ್ತು ತಂದ. ಆಫೀಸರು ಪತ್ರ ಓದಿದ, ಅತ್ತೆಯನ್ನು ನೋಡಿದ, ಮತ್ತೆ ಪತ್ರ ಓದಿದ. ಅತ್ತೆ ತಾವಾಗಿ ಎದ್ದು ಅವನ ಮೇಜಿನವರೆಗೆ ನಾಲ್ಕು ಹೆಜ್ಜೆ ನಡೆದು, ಮೇಜು ಹಿಡಿದು ನಿಂತರು. ಆತ ಠಸ್ಸೆ ಒತ್ತಿದ.

ಸಂಜೆ ಮೇಲಿನ ಡೆಕ್ಕಿನಲ್ಲಿ ಕುರ್ಚಿ ನಿಲ್ಲಿಸಿದೆವು. ಮುಂಬಯಿ ಹಿಂದಕ್ಕೆ ಸರಿಯಿತು. ಸ್ಪೀಕರಿನಲ್ಲಿ ಹಾಡು ಕಿರುಚುತ್ತಿತ್ತು, ಜನ ಕುಣಿಯುತ್ತಿದ್ದರು. ಅತ್ತೆ ಇನ್ನೊಂದು ಕಡೆ ಮುಖ ಮಾಡಿ ಕೂತಿದ್ದರು.

"ಎಂತ ಕಾಣ್ತದೆ ಅತ್ತೆ?"

"ಎಂತದೂ ಇಲ್ಲ. ಅದೇ ಚಂದ ಉಂಟು."

ಭಾಂಡುಪಿನ ಅವರ ಅಡುಗೆಮನೆಯ ಕಿಟಕಿ ತೆರೆದರೆ ಕಾಣುವುದು ಪಕ್ಕದ ಬಿಲ್ಡಿಂಗಿನ ಅಡುಗೆಮನೆ. ಮೂವತ್ತು ವರ್ಷ ಬೇರೆಯವರ ಕುಕ್ಕರು ನೋಡಿದ ಕಣ್ಣಿಗೆ ಏನೂ ಇಲ್ಲದಿರುವುದೇ ಹಬ್ಬ. ಮಾವ ಮಾತ್ರ ಐದು ನಿಮಿಷಕ್ಕೊಮ್ಮೆ ಅತ್ತೆಯ ಮೂಗಿನ ಬಳಿ ಬೆರಳು ಹಿಡಿಯುತ್ತಿದ್ದರು, ಉಸಿರು ಇದೆಯೋ ನೋಡಲು. ಕೊನೆಗೆ ಅತ್ತೆ ಆ ಬೆರಳನ್ನು ಹಿಡಿದು ಕೆಳಗಿಟ್ಟರು. "ಸಮುದ್ರ ನೋಡಿ ಮಾರಾಯ್ರೆ. ನಾನು ಹೋದ್ರೆ ಹೇಳ್ತೇನೆ."

ಅತ್ತೆ ಹಡಗಿನಲ್ಲಿ ಹೋಗಲಿಲ್ಲ. ಏಳು ವಾರದ ನಂತರ ಭಾಂಡುಪಿನಲ್ಲಿ, ಒಂದು ಮಧ್ಯಾಹ್ನ, ಮಾವ ಕೆಳಗಿನ ಅಂಗಡಿಯಿಂದ ಹಾಲು ತರುವಷ್ಟರಲ್ಲಿ ಹೋದರು. ಹೇಳಲಿಲ್ಲ. ನಲವತ್ತೊಂದು ಪ್ರಶ್ನೆಗಳಲ್ಲಿ ಹಾಲಿನ ಪ್ರಶ್ನೆ ಇರಲಿಲ್ಲ.

ಆದರೆ ಹಡಗಿನಲ್ಲಿ ಎರಡನೆಯ ದಿನ ಬೆಳಿಗ್ಗೆ ನಡೆದದ್ದನ್ನು ಹೇಳಬೇಕು.

ನಾನು ತಿಂಡಿ ಮುಗಿಸಿ ರೂಮಿಗೆ ಬಂದಾಗ ಹಾಸಿಗೆಯಲ್ಲಿ ಇದ್ದದ್ದು ಅತ್ತೆಯಲ್ಲ, ಮಾವ. ತಲೆಗೆ ಒದ್ದೆ ಟವೆಲು ಕಟ್ಟಿಕೊಂಡು, ಹೊಟ್ಟೆ ಹಿಡಿದು ನರಳುತ್ತಿದ್ದರು. ಎಂಟು ತಿಂಗಳಿಂದ ಅತ್ತೆಯನ್ನು ಎಬ್ಬಿಸುವುದು, ಕೂರಿಸುವುದು, ತಲೆ ಬಾಚುವುದು, ಬಾಯಿ ಒರೆಸುವುದು ಎಲ್ಲ ಮಾವನೇ. ಮನೆಯಲ್ಲಿ ಒಂದು ಲೋಟ ಎತ್ತಿಡಲೂ ಅತ್ತೆಯನ್ನು ಯಾರೂ ಬಿಡುತ್ತಿರಲಿಲ್ಲ. ಈಗ ಅತ್ತೆ ಗಾಲಿಕುರ್ಚಿಯನ್ನು ಮೂಲೆಗೆ ಬಿಟ್ಟು, ಕಿಟಕಿಗೆ ಬೆನ್ನು ಹಾಕಿ, ಹಾಸಿಗೆಯ ಅಂಚಿನಲ್ಲಿ ನೆಟ್ಟಗೆ ಕೂತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು.

"ಎಲ್ಲಿ ಹೋಗಿದ್ದೆ ನೀನು? ಲಿಂಬೆ ತಾ. ಉಪ್ಪು ತಾ. ಆ ಎಸಿ ಸಣ್ಣ ಮಾಡು. ನಿನ್ನೆಯಿಂದ ಒಂದು ಹನಿ ನೀರು ಸರಿಯಾಗಿ ಕುಡಿಲಿಲ್ಲ ಇವರು, ಹೇಳುವವರು ಇಲ್ಲ ಕೇಳುವವರು ಇಲ್ಲ."

ಆ ದನಿಯನ್ನು ಕೇಳಿ ನನಗೆ ತಿಂಗಳುಗಳೇ ಆಗಿದ್ದವು. ಓಡಿಹೋಗಿ ಲಿಂಬೆ ತಂದೆ. ಅತ್ತೆ ತಾವೇ ಹಿಂಡಿ, ಉಪ್ಪು ಬೆರೆಸಿ, ಮಾವನ ತಲೆ ಎತ್ತಿ ಹಿಡಿದು ಚಮಚದಲ್ಲಿ ಕುಡಿಸಿದರು. ಗಲ್ಲದ ಮೇಲೆ ಇಳಿದದ್ದನ್ನು ಸೆರಗಿನಿಂದ ಒರೆಸಿದರು.

"ಹೇಗುಂಟು ಈಗ?"

"ಹಡಗು ಭಯಂಕರ ಅಲ್ಲಾಡ್ತದೆ ಮಾರಾಯ್ತಿ. ನೀನು ಇಲ್ಲೇ ಕೂತ್ಕೊ."

ನಾನು ಅತ್ತೆಯ ಹೆಗಲ ಮೇಲಿನಿಂದ ಕಿಟಕಿ ನೋಡಿದೆ. ಹಡಗು ಗೋವಾ ಮುಟ್ಟಿ ಎರಡು ಗಂಟೆಯಾಗಿತ್ತು. ನನ್ನ ತೋಳಿನಷ್ಟು ದಪ್ಪದ ಹಗ್ಗಗಳಿಂದ ಅದನ್ನು ದಡಕ್ಕೆ ಬಿಗಿದಿದ್ದರು. ಕಟ್ಟೆಯ ಮೇಲೆ ಒಬ್ಬ ನಿಂತ ನಿಲುವಿನಲ್ಲೇ ಚಹಾ ಕುಡಿಯುತ್ತಿದ್ದ. ಇಡೀ ಗೋವಾದಲ್ಲಿ ಏನೂ ಅಲ್ಲಾಡುತ್ತಿರಲಿಲ್ಲ.

ಇಷ್ಟು ಗಟ್ಟಿ ಸಾಕ್ಷ್ಯ ನನಗೆ ಯಾವ ಸ್ಪರ್ಧೆಯಲ್ಲೂ ಸಿಕ್ಕಿರಲಿಲ್ಲ. ಬಾಯಿ ತೆರೆದೆ. ಟವೆಲಿನ ಕೆಳಗಿನಿಂದ ಮಾವನ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು.

"ಹೌದಾ? ನಂಗೇನೂ ಗೊತ್ತಾಗ್ತಾ ಇಲ್ಲವಲ್ಲ" ಎಂದು ಅತ್ತೆ ನನ್ನ ಕಡೆ ತಿರುಗಿದರು. "ನಿಂಗೆ?"

"ತುಂಬ ಅಲ್ಲಾಡ್ತಾ ಉಂಟು ಅತ್ತೆ" ಎಂದೆ, ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.