ಹೋಮ್ ರನ್ ಅಂದ್ರ ಮನಿಗಿ ಓಡೋದು

ಬೇಸ್‌ಬಾಲ್ ಎಂಬ ಆಟವನ್ನು ಮಹಾರಾಷ್ಟ್ರದ ಗಡಿಯ ಉಮರ್ಗಾ ತಾಲೂಕಿನಲ್ಲಿ ನನ್ನಷ್ಟು ಬಲ್ಲವರು ಯಾರೂ ಇಲ್ಲವೆಂದು ನಾನು ಸುಮಾರು ಮೂವತ್ತು ವರ್ಷ ನಂಬಿಕೊಂಡಿದ್ದೆ. ಈ ನಂಬಿಕೆಗೆ ಬಲವಾದ ಆಧಾರವಿತ್ತು. ತಾಲೂಕಿನಲ್ಲಿ ಆ ಆಟವನ್ನು ಯಾರೂ ಆಡುತ್ತಿರಲಿಲ್ಲ!

ನಮ್ಮ ವಂಶದಲ್ಲಿ ಪದವಿ ಮುಟ್ಟಿದ ಮೊದಲ ಪ್ರಾಣಿ ನಾನು. ಅಪ್ಪ ಹೆಬ್ಬೆಟ್ಟು. ಅಜ್ಜನನ್ನು ಹೆಬ್ಬೆಟ್ಟು ಒತ್ತಲೂ ಯಾರೂ ಕರೆದಿರಲಿಲ್ಲ. ಬೆಳಿಗ್ಗೆ ಕಾಲೇಜು, ಮಧ್ಯಾಹ್ನದಿಂದ ಯೆಣೆಗೂರಿನ ಡಾಬಾದಲ್ಲಿ ತಾಟು ತೊಳೆಯುವುದು, ಹೀಗೆ ಇಂಗ್ಲಿಷ್ ಬಿ.ಎ. ಮುಗಿಸಿದೆ. ಒಂದೇ ಒಂದು ವಿಷಯದಲ್ಲಿ ಎರಡು ಸಲ ಫೇಲಾದೆ. ಆ ವಿಷಯ ಇಂಗ್ಲಿಷ್. ಅದು ಇರಲಿ.

ನಾನು ಪದವೀಧರನಾದ ಹೊಸತರಲ್ಲೇ ಭೂಕಂಪವಾಯಿತು. ಸಾಸ್ತೂರಿನಲ್ಲಿ ಮನೆ ಕಟ್ಟಿಕೊಡಲು ದೇಶ ವಿದೇಶದ ಜನ ಬಂದರು. ಅವರಲ್ಲಿ ಒಬ್ಬ ಅಮೆರಿಕದವನು, ಆರಡಿ ಎತ್ತರ, ಬೆನ್ನಿನವರೆಗೆ ಕೂದಲು. ಅವನ ಮಾತನ್ನು ಊರವರಿಗೆ ತಿಳಿಸಲು ಇಂಗ್ಲಿಷ್ ಬಲ್ಲವರು ಬೇಕೆಂದರು. ಸುತ್ತಲಿನ ಹಳ್ಳಿಗಳಲ್ಲಿ ಕೈಗೆ ಸಿಕ್ಕವನು ನಾನೊಬ್ಬನೇ. ಅವನಿಗೂ ಇಂಗ್ಲಿಷ್ ಬರುತ್ತಿತ್ತು, ನನಗೂ ಬರುತ್ತಿತ್ತು. ಆದರೆ ಆ ಎರಡು ಇಂಗ್ಲಿಷುಗಳಿಗೆ ಬೀಗತನವೇ ಇರಲಿಲ್ಲ! ಕೈ ಬೀಸಿ ಬೀಸಿಯೇ ಸಾಲು ಮನೆ ಎಬ್ಬಿಸಿದೆವು. ಹೋಗುವ ದಿನ ಅವನು ನನ್ನನ್ನು ಅಪ್ಪಿಕೊಂಡು ಒಂದು ಚೀಲ ಕೊಟ್ಟ. ಒಳಗೆ ಹತ್ತು ಹನ್ನೆರಡು ರಾಕ್ ಸಂಗೀತದ ಕ್ಯಾಸೆಟ್ಟು, ಮತ್ತೆ ರಬ್ಬರ್ ಸುತ್ತಿದ ಒಂದು ಕಟ್ಟು ಚಿತ್ರಪಟ. ಅವನ ಅಪ್ಪನ ಕಾಲದ ಬೇಸ್‌ಬಾಲ್ ಆಟಗಾರರು. ಮುಂದೆ ಫೋಟೋ, ಹಿಂದೆ ಸಣ್ಣ ಅಕ್ಷರದಲ್ಲಿ ಅವರ ಪರಾಕ್ರಮ.

ಆ ಪಟಗಳನ್ನು ನಾನು ಮನೆದೇವರಂತೆ ಕಾಪಾಡಿದೆ. ಅವರಲ್ಲಿ ಒಬ್ಬನ ಮೀಸೆ ನಮ್ಮ ಊರಿನ ಹಳೆಯ ಪೊಲೀಸ್ ಪಾಟೀಲರದೇ. ಇನ್ನೊಬ್ಬನ ಒಂದು ಕಡೆಯ ಗಲ್ಲ ಉಬ್ಬಿತ್ತು; ತಂಬಾಕು! ನೋಡಿದ ಕೂಡಲೇ ನಮ್ಮವನೇ ಅನ್ನಿಸಿತು. ಸಂಜೆ ಹಗ್ಗದ ಬಾಜಿನ ಮೇಲೆ ಮಲಗಿ, ಟೇಪ್ ರೆಕಾರ್ಡರ್ ಹಚ್ಚಿ, ಎದೆಯ ಮೇಲೆ ಈ ಮಹನೀಯರನ್ನು ಹರಡಿಕೊಂಡರೆ ಬೇರೆ ಲೋಕವೇ. ಗಿಟಾರು ಎಸ್.ಟಿ. ಬಸ್ಸು ಏರಿನಲ್ಲಿ ಗೇರು ಬದಲಿಸಿದಂತೆ ನರಳುತ್ತಿತ್ತು. ಹಾಡಿನ ಒಂದು ಮಾತೂ ತಿಳಿಯುತ್ತಿರಲಿಲ್ಲ. ಆದರೂ ಬೀಗರು, ನೆಂಟರು "ಏನಂತಾನ್ರೀ ಅಂವಾ?" ಎಂದು ಕೇಳಿದರೆ ಪದವೀಧರನಾದವನು ಸುಮ್ಮನಿರಲಾದೀತೇ? "ವೈರಾಗ್ಯ," ಎನ್ನುತ್ತಿದ್ದೆ. ಎಲ್ಲರೂ ಕೈ ಮುಗಿಯುತ್ತಿದ್ದರು.

ನನ್ನ ಹೆಂಡತಿ ಮಹಾನಂದಾ ಮಾತ್ರ ಕೈ ಮುಗಿಯಲಿಲ್ಲ. ಅವಳು ಸಾಸ್ತೂರಿನವಳು. ಆ ಕ್ಯಾಸೆಟ್ಟುಗಳಿಗೆ 'ಭೂಕಂಪದ ಹಾಡು' ಎಂದು ಹೆಸರಿಟ್ಟವಳು ಅವಳೇ. "ಭೂಕಂಪ ನಾ ನೋಡೀನ್ರಿ. ಅದು ಭಡಾ ಭಡಾ ಅಂದು ನಿಂತುಬಿಡ್ತು. ನಿಮ್ಮದು ಮೂವತ್ತು ವರ್ಷ ಆತು, ನಿಂತಿಲ್ಲ," ಎನ್ನುತ್ತಾಳೆ. ಹಾಗೆ ಹೇಳುವ ಹಕ್ಕು ಅವಳಿಗಿದೆ. ನಾನು ಕ್ಯಾಸೆಟ್ಟು ತಿರುಗಿಸಿ ಹಾಕುತ್ತೇನೆ.

ಹೀಗಿರಲು, ನಾನು ಇಂಗ್ಲಿಷ್ ಕಲಿಸುವ ಕನ್ನಡ ಶಾಲೆಗೆ ಒಂದು ಸುತ್ತೋಲೆ ಬಂತು. ತಾಲೂಕು ಮಟ್ಟದ ಹುಡುಗಿಯರ ಬೇಸ್‌ಬಾಲ್. ಗೆದ್ದವರು ಜಿಲ್ಲೆಗೆ ಹೋಗುತ್ತಾರೆ; ಜಿಲ್ಲೆಗೆ ಹೋದವರಿಗೆ ಹತ್ತನೆಯ ಪರೀಕ್ಷೆಯಲ್ಲಿ ಆಟದ ಮಾರ್ಕು ಕೂಡಿಸುತ್ತಾರೆ. ನಮ್ಮ ಪಿ.ಟಿ. ಮಾಸ್ತರರಿಗೆ ವರ್ಗವಾಗಿತ್ತು. ಹೆಡ್‌ಮಾಸ್ತರ್ ಜಾಧವ ಸರ್ ಸ್ಟಾಫ್ ರೂಮಿನಲ್ಲಿ ಕಾಗದ ಆಡಿಸಿದರು.

"ತಾಲೂಕಿನಾಗ ನಮ್ಮದೂ ಹಿಡದು ಎರಡೇ ಟೀಮು ಹೆಸರು ಕೊಟ್ಟಾವ. ಒಂದು ಮ್ಯಾಚ್ ಗೆದ್ರ ಸಂಪ್ಲಾ, ಮುಗೀತು, ಸೀದಾ ಜಿಲ್ಲಾ! ಆದ್ರ ಕಲ್ಸೋರು ಯಾರು? ಬೇಸ್‌ಬಾಲ್ ಯಾರಿಗೆ ಬರ್ತದ?"

ನಾನು ಎದ್ದು ನಿಂತೆ. ಕೂತೇ ಇದ್ದಿದ್ದರೆ ಈ ಲೇಖನಕ್ಕೆ ಅವಕಾಶವೇ ಇರುತ್ತಿರಲಿಲ್ಲ.

ಎದ್ದು ನಿಲ್ಲಲು ಇನ್ನೊಂದು ಕಾರಣವಿತ್ತು: ಹತ್ತನೆಯ ತರಗತಿಯ ರೇಣುಕಾ. ಕುರುಬರ ಮಾಳಪ್ಪನ ಮಗಳು. ವರ್ಷದ ಅರ್ಧದಷ್ಟು ದಿನ ಅಪ್ಪನ ಕುರಿಗಳ ಜೊತೆ ಹೊಲದಿಂದ ಹೊಲಕ್ಕೆ ತಿರುಗುವವಳು. ಗೊಬ್ಬರವಾಗಲೆಂದು ರೈತರು ತಮ್ಮ ಹೊಲದಲ್ಲಿ ಕುರಿ ತರುಬಿಸುತ್ತಾರಲ್ಲ, ಹಾಗೆ. ಚುರುಕು ಹುಡುಗಿ. ಆದರೆ ಗಣಿತದಲ್ಲಿ ಕುರಿ ಎಣಿಸುವುದರ ಮುಂದಕ್ಕೆ ಹೋಗಿರಲಿಲ್ಲ. ಮಾಳಪ್ಪ ನನಗೆ ಮೊದಲೇ ಹೇಳಿದ್ದ: "ಪಾಸಾದ್ರ ಮುಂದ ಕಲೀಲಿ ಮಾಸ್ತರ್ರ, ನಾ ಅಡ್ಡ ಬರಾಂಗಿಲ್ಲ. ಫೇಲಾದ್ರ ಮಾತ್ರ ಕುರಿ ಹಿಂದ. ಬೀರಪ್ಪನ ಆಣಿ."

ಆ ಹುಡುಗಿಯನ್ನು ನೋಡಿದಾಗೆಲ್ಲ ನನಗೆ ತಾಟು ತೊಳೆಯುತ್ತಿದ್ದ ನನ್ನ ಕೈ ನೆನಪಾಗುತ್ತಿತ್ತು. "ಗಣಿತದ ಚಿಂತಿ ಬಿಡು ಮಾಳಪ್ಪ. ಆಟದ ಮಾರ್ಕು ನಾ ಕೊಡಸ್ತೀನಿ," ಎಂದು ಮಾತು ಕೊಟ್ಟೆ. ಪದವೀಧರನ ಮಾತು!

ಜಾಧವ ಸರ್ ನಿಯಮಗಳ ಮರಾಠಿ ಪುಸ್ತಕ ಕೊಡಲು ಬಂದರು. ನಾನು ಬೇಡವೆಂದೆ. ಮೂಲ ಗ್ರಂಥ ಮನೆಯಲ್ಲಿರುವಾಗ ಟೀಕೆ ಏಕೆ? ಮಹಾನಂದಾ, "ಮೊಬೈಲದಾಗ ಒಂದ್ಸಲ ನೋಡ್ರೀ, ಆಟ ಆಡೂದು ಕಾಣಸ್ತದ," ಎಂದಳು. "ಮೊಬೈಲು ಓದದವರಿಗೆ," ಎಂದೆ. ಅವಳು ಮೊಬೈಲು ಕೆಳಗಿಟ್ಟು ಬದನೆಕಾಯಿ ಹೆಚ್ಚಲು ಕೂತಳು. ಹೆಚ್ಚುವ ಸದ್ದು ಸ್ವಲ್ಪ ಜೋರಾಗಿಯೇ ಇತ್ತು.

ನಾನು ಪಟಗಳನ್ನೂ ನನ್ನ ಹಳೆಯ ಇಂಗ್ಲಿಷ್–ಕನ್ನಡ ನಿಘಂಟನ್ನೂ ಮುಂದಿಟ್ಟುಕೊಂಡು ಮೂರು ದಿನ ಸಂಶೋಧನೆ ನಡೆಸಿದೆ. ಉಬ್ಬಿದ ಗಲ್ಲದವನ ಹೆಸರಿನ ಕೆಳಗೆ 'ಪಿಚರ್' ಎಂದಿತ್ತು. ನಿಘಂಟು ಸ್ಪಷ್ಟವಾಗಿ ಹೇಳಿತು: ಹೂಜಿ, ನೀರಿನ ಕೊಡ. ತಂಡಕ್ಕೆ ನೀರು ಕುಡಿಸುವ ಮಹಾತ್ಮ! ನೀರು ಕೊಡುವವನ ಫೋಟೋವನ್ನೂ ಅಚ್ಚು ಹಾಕಿಸುವ ದೇಶ ಎಷ್ಟು ದೊಡ್ಡದು ಎಂದು ಕಣ್ಣು ಒದ್ದೆಯಾಯಿತು. 'ಶಾರ್ಟ್ ಸ್ಟಾಪ್' ಎಂಬುದು ಕಷ್ಟವಾಗಲಿಲ್ಲ, ನಮ್ಮ ಎಸ್.ಟಿ. ಬಸ್ಸಿನ 'ವಿನಂತಿ ಥಾಂಬಾ' ಇದ್ದ ಹಾಗೆ, ಕೈ ಮಾಡಿದರೆ ಮಾತ್ರ ನಿಲ್ಲುವವನು. ಮೀಸೆಯವನ ವಿಷಯದಲ್ಲಿ ಮಾತ್ರ ನನಗೆ ನೋವಾಯಿತು. ಅವನು ಒಂದೇ ವರ್ಷದಲ್ಲಿ ನಲವತ್ತು ಬೇಸು ಕದ್ದಿದ್ದ! ಹಾಗೆಂದು ಅಚ್ಚಾಗಿತ್ತು. ಆದರೆ ಕಳವನ್ನು ಹೆಮ್ಮೆಯಿಂದ ಬರೆದಿದ್ದಾರೆಂದರೆ ಆ ಆಟದಲ್ಲಿ ಅದಕ್ಕೆ ಕಾಯಿದೆಯ ಒಪ್ಪಿಗೆ ಇರಬೇಕು. ಇದ್ದರೆ ನಮ್ಮ ಮಕ್ಕಳೇಕೆ ಹಿಂದೆ ಬೀಳಬೇಕು?

ತರಬೇತಿ ಶುರುವಾಯಿತು. ಬೇಸು ಎಂದರೆ ನಾಲ್ಕು ಮೂಲೆಗೆ ಇಡುವ ಗುರುತು. ರೇಣುಕಾ ತನ್ನ ಮನೆಯಿಂದ ಗೋಣಿಚೀಲ ತಂದು ಹೊಟ್ಟು ತುಂಬಿ ಹೊಲಿದಳು. ಮೊದಲ ದಿನವೇ ಕೈ ಎತ್ತಿದಳು.

"ಸರ್, ಬೇಸ್‌ಬಾಲ್ ಅಂದ್ರ ಬೇಷ್ ಬಾಲ್ ಏನ್ರೀ?"

"ಬೇಷೇ. ಆದ್ರ ಇಂಗ್ಲಿಷ್ ಬೇಷ್."

ಮೈ ಬಿಸಿಯಾಗಲೆಂದು ರಾಕ್ ಕ್ಯಾಸೆಟ್ಟು ಹಚ್ಚಿ, "ಈ ಹಾಡು ಮುಗಿಯೋತನಕ ಓಡ್ರಿ," ಎಂದೆ. ಆ ಹಾಡು ಕ್ಯಾಸೆಟ್ಟಿನ ಒಂದು ಬದಿ ಪೂರ್ತಿ ಇತ್ತೆಂದು ಅಂದೇ ನನಗೆ ಗೊತ್ತಾದದ್ದು! ಮನೆಯಲ್ಲಿ ನಡುವೆ ನಿದ್ದೆ ಬಂದುಬಿಡುತ್ತಿತ್ತು. ಗಾಯಕ ಸುಮ್ಮನಾದ ಮೇಲೆ ಡೋಲಿನವನು ಹಿಡಿದುಕೊಂಡ. ಹುಡುಗಿಯರು ಒಬ್ಬೊಬ್ಬರಾಗಿ ನೆಲಕ್ಕೆ ಬಿದ್ದರು. ಗುಂಡಿ ಒತ್ತಿ ನಿಲ್ಲಿಸಬಹುದಿತ್ತು. ಕೊಟ್ಟ ಮಾತು!

ಆಮೇಲೆ ಪಾಠ. "ಚೆಂಡು ದೂರ ಹೋತು ಅಂದ್ರ ಹೋಮ್ ರನ್. ಹೋಮ್ ಅಂದ್ರ ಮನಿ. ರನ್ ಅಂದ್ರ ಓಡು. ಹೋಮ್ ರನ್ ಅಂದ್ರ ಮನಿಗಿ ಓಡೋದು. ನಡುವೆ ಬೇಸ್ ಕದಿಲಿಕ್ಕೂ ಪರವಾನಗಿ ಅದ."

ರೇಣುಕಾ ಮತ್ತೆ ಕೈ ಎತ್ತಿದಳು. "ಯಾವ ಮನಿ ಸರ್? ಊರಾಗಿನ ಮನೀನೋ, ಕುರಿ ಕೂತ ಮನೀನೋ? ಅಪ್ಪ ಮ್ಯಾಚಿನ ವಾರ ಉಮರ್ಗಾದಾಗೇ ಕುರಿ ತರುಬ್ತಾನ."

ಇಂಥ ಸೂಕ್ಷ್ಮ ಪ್ರಶ್ನೆ ನಿಘಂಟಿನಲ್ಲಿರಲಿಲ್ಲ. ಆದರೂ ತಡಮಾಡದೆ ತೀರ್ಪು ಕೊಟ್ಟೆ: "ಯಾವುದು ಹತ್ತರ ಅದನೋ ಅದು."

ಮ್ಯಾಚಿನ ದಿನ ಉಮರ್ಗಾದ ಮೈದಾನಕ್ಕೆ ಹೋದೆವು. ಎದುರು ತಂಡಕ್ಕೆ ಯುನಿಫಾರ್ಮು, ಚರ್ಮದ ಕೈಗವಸು, ಟೊಪ್ಪಿಗೆ. ನಮಗೆ ಶಾಲೆಯ ಸಮವಸ್ತ್ರ ಮತ್ತು ನಾನು. ನಾಲ್ಕನೆಯ ಮೂಲೆಗೆ ಬಿಳಿ ಹಲಗೆ ಹಾಕಿದ್ದರು. ಉಳಿದ ಮೂರಕ್ಕೆ ಚೀಲ ಸಾಲದೆ ಎರಡನೆಯ ಜಾಗಕ್ಕೆ ನಮ್ಮ ಗೋಣಿಯನ್ನೇ ಇಟ್ಟರು. ಅಂಪೈರ್ ಸಾಹೇಬರು ಉದಗೀರದಿಂದ ಬಂದಿದ್ದರು.

"ಗುರೂಜಿ, ನಿಮ್ಮ ಪಿಚರ್ ಎಲ್ಲಿ?"

ನಾನು ಹೆಮ್ಮೆಯಿಂದ ತೋರಿಸಿದೆ. ಬಿಳಿ ಹಲಗೆಯ ಪಕ್ಕದಲ್ಲಿ ಒಬ್ಬ ಹುಡುಗಿ ತಾಮ್ರದ ಕೊಡ ಹಿಡಿದು ನಿಂತಿದ್ದಳು.

ಅವರು ಕೊಡ ನೋಡಿದರು. ನನ್ನನ್ನು ನೋಡಿದರು. ಉದಗೀರದ ಕಡೆಗೂ ಒಮ್ಮೆ ನೋಡಿದರು. "ಪಿಚರ್ ಅಂದ್ರ ಚೆಂಡು ಒಗ್ಯಾಕಿ, ಗುರೂಜಿ!"

"ಅಂದ್ರ ರೇಣುಕಾ," ಎಂದೆ, ಮೊದಲೇ ಗೊತ್ತಿದ್ದವನಂತೆ.

ರೇಣುಕಾ ಚೆಂಡು ಒಗೆದಳು ನೋಡಿ! ಹುಟ್ಟಿದಾಗಿನಿಂದ ಗುಂಪು ಬಿಟ್ಟ ಕುರಿಯ ಮುಂದೆ ಕಲ್ಲು ಬೀಳಿಸಿ ತಿರುಗಿಸಿದ ಕೈ ಅದು. ಯುನಿಫಾರ್ಮಿನವರು ಗಾಳಿ ಹೊಡೆದು ಹೊಡೆದು ಸುಸ್ತಾದರು. ಇಡೀ ಆಟದಲ್ಲಿ ಒಂದೇ ರನ್ನು ಅವರಿಗೆ. ನಮಗೂ ಒಂದು ಬಂತು. ಮೂರನೆಯ ಬೇಸಿನಲ್ಲಿದ್ದ ನಮ್ಮ ತಂಡದ ಸವಿತಾ ನೀರಡಿಸಿತೆಂದು ಕೊಡದ ಹತ್ತಿರ ಓಡಿ ಬಂದು ಬಿಳಿ ಹಲಗೆಯ ಮೇಲೆ ನಿಂತು ನೀರು ಕುಡಿದಳು. ಅಂಪೈರ್ ಕೈ ಎತ್ತಿ "ರನ್!" ಎಂದರು. ಏಕೆಂದು ನನಗೆ ತಿಳಿಯಲಿಲ್ಲ. ಎಲ್ಲರೂ ಚೀರಿದರು, ನಾನೂ ಚೀರಿದೆ.

ಒಂದಕ್ಕೆ ಒಂದು. ಕೊನೆಯ ಸರದಿ. ದಾಂಡು ರೇಣುಕಾಳ ಕೈಯಲ್ಲಿ. ಈ ಒಂದು ರನ್ನು ಬಂದರೆ ಜಿಲ್ಲೆ, ಜಿಲ್ಲೆ ಬಂದರೆ ಮಾರ್ಕು, ಮಾರ್ಕು ಬಂದರೆ ಕಾಲೇಜು. 

ಠಣ್! ಚೆಂಡು ತಗಡಿನ ಶೆಡ್ಡಿನ ಮೇಲೆ ಹಾರಿ ಕಾಣೆಯಾಯಿತು.

"ಗೆದ್ರಿ ಗುರೂಜಿ!" ಎಂದರು ಅಂಪೈರ್, ಸಂತೋಷದಿಂದ. "ಇನ್ನ ಸುತ್ತು ಹಾಕಿ ಹೋಮ್ ಮುಟ್ಟೂದು ಅಷ್ಟೇ," ಎಂದು ಬೂಟಿನಿಂದ ಬಿಳಿ ಹಲಗೆ ತಟ್ಟಿದರು.

"ಹೋಮ್ ಅಂದ್ರ… ಇದು?"

"ಮತ್ಯಾವುದು?"

"ಹಂಗಾದ್ರ ಕುರಿ?"

"ಯಾವ ಕುರಿ?"

ಉತ್ತರ ಹೇಳಲು ವೇಳೆಯಿರಲಿಲ್ಲ. ರೇಣುಕಾ ಒಂದನೆಯ ಬೇಸು ಮುಟ್ಟಿ, ಎರಡನೆಯದನ್ನು ಬುಡಸಮೇತ ಎತ್ತಿ ಕಂಕುಳಲ್ಲಿ ಇಟ್ಟುಕೊಂಡು, ಮೂರನೆಯದರ ಕಡೆ ತಿರುಗಿಯೂ ನೋಡದೆ ಮೈದಾನದ ಬೇಲಿ ದಾಟಿದ್ದಳು! ನಾನು ಎದೆ ಒಡೆಯುವಂತೆ ಕೂಗಿದೆ: "ಹೋಮ್! ರೇಣುಕಾ, ಹೋಮ್!"

ಅವಳು ತಿರುಗಿ, "ಹೊಂಟೀನ್ರೀ ಸರ್!" ಎಂದು ಕೈ ಬೀಸಿ ಇನ್ನೂ ಜೋರಾಗಿ ಓಡಿದಳು.

'ತಿರುಗಿ ಬಾ' ಎಂದು ಕನ್ನಡದಲ್ಲಿ ಕೂಗಿದ್ದರೆ ಬರುತ್ತಿದ್ದಳು. ಬಿ.ಎ. ಅಡ್ಡ ಬಂತು.

ನಾನೂ ಬೇಲಿ ಹಾರಿದೆ. ಪ್ಯಾಂಟು ಅರ್ಧ ಬೇಲಿಯಲ್ಲೇ ಉಳಿಯಿತು. ಬೇಲಿಯಾಚೆಯ ಹೊಲದಲ್ಲಿ ಕುರಿಗಳ ಮುಂದೆ ಕಂಬಳಿ ಹೊದ್ದು ನಿಂತಿದ್ದ ಮಾಳಪ್ಪನಿಗೆ ಕಂಡದ್ದು ಇಷ್ಟು: ಮಗಳು ಗೋಣಿ ಹಿಡಿದು ಓಡಿ ಬರುತ್ತಿದ್ದಾಳೆ, ಹಿಂದೆ ಹರಿದ ಪ್ಯಾಂಟಿನವನೊಬ್ಬ ಚೀರುತ್ತಾ ಅಟ್ಟಿಸಿಕೊಂಡು ಬರುತ್ತಿದ್ದಾನೆ. ಅವನು ಕೋಲು ಎತ್ತಿದ. ಅವನಿಗಿಂತ ಮೊದಲು ನಾಯಿ ಎದ್ದಿತು.

"ಯಾವನಲೇ ಅಂವಾ!… ಅಯ್ಯಯ್ಯ, ಮಾಸ್ತರ್ರ! ಏ ನಾಯಿ, ಬಿಡು, ಮಾಸ್ತರ್ರು ಅದಾರ!"

ನಾಯಿಗೆ ಶಿಕ್ಷಕರ ಮೇಲೆ ಗೌರವವಿರಲಿಲ್ಲ. ಪ್ಯಾಂಟಿನ ಉಳಿದರ್ಧವನ್ನು ಅದು ವಹಿಸಿಕೊಂಡಿತು.

"ಮುಟ್ಟಿದೆ ಸರ್! ಮನಿ ಮುಟ್ಟಿದೆ! ಬೇಸೂ ಕದ್ದೀನಿ!" ಎಂದು ರೇಣುಕಾ ಕುಣಿಯುತ್ತಿದ್ದಳು. 

ಮಾಳಪ್ಪನ ಕಂಬಳಿ ಸುತ್ತಿಕೊಂಡು ಮೈದಾನಕ್ಕೆ ಮರಳುವಷ್ಟರಲ್ಲಿ ಅಂಪೈರ್ ವರದಿ ಬರೆದು ಮುಗಿಸಿದ್ದರು: 'ಆಟ ನಡೆದಿರುವಾಗಲೇ ಆಟಗಾರ್ತಿ, ಎರಡನೆಯ ಬೇಸ್ ಮತ್ತು ತರಬೇತುದಾರರು, ಈ ಮೂವರೂ ಮೈದಾನ ಬಿಟ್ಟು ಹೋದ ಕಾರಣ ಎದುರು ತಂಡವನ್ನು ವಿಜಯಿ ಎಂದು ಘೋಷಿಸಲಾಗಿದೆ.'

ಬಸ್ಸಿನಲ್ಲಿ ರೇಣುಕಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ತಪ್ಪು ನನ್ನದೆಂದೆ. ಅವಳು ನನ್ನ ಕಡೆ ತಿರುಗಿ ಹೇಳಿದಳು: "ಇರ್ಲಿ ಬಿಡ್ರಿ ಸರ್. ನಿಮ್ಮ ಆಟಕ್ಕಿಂತ ಗಣಿತಾನೇ ಸಸಾರ ಅದ."

ಮನೆಯಲ್ಲಿ ಕಂಬಳಿಯಲ್ಲಿ ಬಂದ ಗಂಡನನ್ನು ಮಹಾನಂದಾ ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ವೈರಾಗ್ಯ ಬಂತೇನ್ರೀ?" ಎಂದಳು. ಅಷ್ಟೇ.

ಮರುದಿನದಿಂದ ರೇಣುಕಾ ಗಣಿತದ ಮಾಸ್ತರರ ಬೆನ್ನು ಬಿದ್ದಳು. ಕುರಿಯ ಹಿಂದೆ ಹೋದಾಗಲೂ ಕಂಬಳಿಯ ಮಡಿಕೆಯಲ್ಲಿ ಪುಸ್ತಕ. ಫಲಿತಾಂಶ ಬಂದ ದಿನ ಅಪ್ಪ ಮಗಳು ಪೇಢೆ ಹಿಡಿದು ನಮ್ಮ ಮನೆಗೆ ಬಂದರು.

"ಪಾಸಾದಳ್ರೀ ಮಾಸ್ತರ್ರ!" ಮಾಳಪ್ಪನ ಕಣ್ಣು ತುಂಬಿತ್ತು. "ಗಣಿತದಾಗ ಮಾರ್ಕು ಭರಪೂರ ಬಿದ್ದಾವ. ಕಾಲೇಜಿಗಿ ಕಳಸ್ತೀನಿ, ಮಾತು ಅಂದ್ರ ಮಾತು. ಒಂದು ಇಂಗ್ಲಿಷ್ ಅಷ್ಟೇ ಜರಾ… ಮೂವತ್ತೈದಕ್ಕ ಗಕ್ಕನ ನಿಂತಾದ."

"ಇಂಗ್ಲಿಷ್ ಯಾರು ಕಲಸ್ತಾರವಾ ನಿಮಗ?" ಎಂದು ಮಹಾನಂದಾ ಬಹಳ ಮುಗ್ಧವಾಗಿ ಕೇಳಿದಳು.

ರೇಣುಕಾ ನನ್ನ ಪರವಾಗಿ ಎದ್ದು ನಿಂತಳು. "ಸರ್‌ದು ತಪ್ಪಿಲ್ರೀ ಅಕ್ಕಾರ. ಮೆಚ್ಚಿನ ಆಟದ ಮ್ಯಾಲ ಪ್ರಬಂಧ ಬಂದಿತ್ತು. ಸರ್ ಕಲಸಿದ ಬೇಸ್‌ಬಾಲೇ ಬರದೀನಿ. ಕೊಡ, ಕಳವು, ವಿನಂತಿ ಥಾಂಬಾ, ಕುರಿ, ಒಂದೂ ಬಿಟ್ಟಿಲ್ಲ!"

ಆ ಪೇಪರು ತಿದ್ದಿದ ಪುಣ್ಯಾತ್ಮರು ಯಾರೋ ನನಗೆ ಗೊತ್ತಿಲ್ಲ. ಅಷ್ಟು ಓದಿಯೂ ಪಾಸು ಮಾಡಿದ್ದಾರೆಂದರೆ, ಅವರೂ ನನ್ನ ಹಾಗೆಯೇ ಇಂಗ್ಲಿಷ್ ಬಿ.ಎ. ಆಗಿರಬೇಕು!