ಬುರಾನಸಾಬರ ಮೀನಿನ ಪೈಪು

ಬುರಾನಸಾಬರು ಪೈಪಿನ ಬಾಯಿಗೆ ತಂತಿಯ ಜಾಳಿ ಕಟ್ಟಲಿಲ್ಲ. ಅಂದಿನ ಫಜೀತಿಗೆಲ್ಲ ಅದೇ ಮೂಲ.

ಬಸ್ಸಿನ ಡ್ರೈವರಕಿ ಮುಗಿಸಿ, ಕಟಕೋಳದ ಬಾಡಿಗೆ ಮನೆ ಬಿಟ್ಟು, ಬೈಲಹೊಂಗಲದಲ್ಲಿ ಸ್ವಂತ ಮನೆ ಕಟ್ಟಿಸಿ ಬಂದಿದ್ದರು. ಪಡಸಾಲೆಯಲ್ಲಿ ದೊಡ್ಡದೊಂದು ಗಾಜಿನ ಪೆಟ್ಟಿಗೆ, ಅದರೊಳಗೆ ಬಂಗಾರದ ಬಣ್ಣದ ಮೀನು. ಮಾಳಿಗೆ ಮೇಲಿನ ನೀರಿನ ಟಾಕಿಯಿಂದ ಒಂದು ಪೈಪು ಅದಕ್ಕೆ ಇಳಿದರೆ, ಹೆಚ್ಚಾದ ನೀರು ಇನ್ನೊಂದು ದಪ್ಪ ಪೈಪಿನಿಂದ ಹೊರಗೆ. ಎಲ್ಲ ಸಾಬರೇ ಕೈಯಾರೆ ಜೋಡಿಸಿದ್ದು. ಸಂಜೆಗೆ ಮಗಳು ಫರೀನಳ ಮಾವ ಇಸ್ರಾರಸಾಬರು ತೊರಗಲ್ಲಿನಿಂದ ಮನೆ ನೋಡಲು ಬರುವವರಿದ್ದರು. ಬಾಡಿಗೆ ಮನೆಯಿಂದ ಹೆಣ್ಣು ತಂದೆವೆಂದು ಹಿಂದೊಮ್ಮೆ ಆಡಿಕೊಂಡಿದ್ದ ಮನುಷ್ಯ. ಆ ಬಾಯಿಂದ ಒಂದು ಶಾಬಾಸ್ ಬೀಳಬೇಕಿತ್ತು.

ಬೆಳಿಗ್ಗೆ ಬಾಜೂಮನೆಯ ಶಟ್ಟೆಪ್ಪ ಕಂಪೌಂಡಿನ ಮೇಲಿಂದ ಇಣುಕಿದ. "ಸಾಬರ, ವಾರಕ್ಕೊಮ್ಮೆ ನಳ ಬರೂ ಊರಾಗ ಇಷ್ಟು ನೀರು ಗಟಾರಕ್ಕ ಬಿಡ್ತೀರೇನು? ನಮ್ಮ ಎಮ್ಮಿ ದೋಣಿಗೆ ಬಿಡ್ರಲ್ಲ."

"ಬಿಟ್ಟೆ ತಗೋ. ನಿಮ್ಮ ಎಮ್ಮಿ ಬ್ಯಾರೆ ಅಲ್ಲ, ನಮ್ಮ ಎಮ್ಮಿ ಬ್ಯಾರೆ ಅಲ್ಲ," ಎಂದು ಎಮ್ಮೆಯೇ ಇಲ್ಲದ ಸಾಬರು ಗೋಡೆಗೆ ತೂತು ಕೊರೆದು, ಪೈಪನ್ನು ಅವನ ಎಮ್ಮೆ ನೀರು ಕುಡಿಯುವ ಕಲ್ಲುದೋಣಿಗೆ ಮುಟ್ಟಿಸಿದರು.

"ಬಾಯಿಗೊಂದು ಜಾಳಿ ಕಟ್ರಿ. ಮೀನ ಹೋದಾವು."

"ಶಟ್ಟೆಪ್ಪ, ಅರ್ಧ ಆಯುಷ್ಯ ಬಸ್ ಹೊಡದೇನಿ. ನಾ ಗಾಡಿ ನಿಲ್ಲಿಸದೆ ಒಬ್ಬ ಪ್ಯಾಸೆಂಜರೂ ಇಳದಿಲ್ಲ. ಮೀನ ಇಳೀತಾವೇನು?"

ಓಣಿಯೆಲ್ಲ ಕೇಳಿಸಿಕೊಂಡಿತು.

ಮಧ್ಯಾಹ್ನ ಸಾಬರು ಮಟನ್ ತರಲು ಹೋದಾಗ ನಳ ಬಂತು. ನಳ ಬಂದರೆ ಓಣಿಯ ಹೆಂಗಸರಿಗೆ ಬೇರೆ ಲೋಕವಿಲ್ಲ. ಹೆಂಡತಿ ಖತಿಜಾಬಿ ಮೋಟರ್ ಚಾಲೂ ಮಾಡಿ ಕೊಡ ತುಂಬುತ್ತ ನಿಂತಳು. ಟಾಕಿ ತುಂಬಿ, ನೀರು ಪೆಟ್ಟಿಗೆಗೆ ಧುಮುಕಿತು. ಸಾಬರು ಬಂದು ನೋಡಿದರೆ, ಪೆಟ್ಟಿಗೆ ಒರೆಸಿಟ್ಟ ಚಾಳೀಸಿನ ಗಾಜಿನ ಹಾಗೆ ಫಳಫಳ. ಒಳಗೆ ಒಂದೂ ಮೀನಿಲ್ಲ.

"ಮೀನ ಎಲ್ಲಿ ಹೋದ್ವು?"

"ನನ್ನೇನ ಕೇಳ್ತೀರಿ? ನಿಮಗ ಹೇಳೇ ಇಳದಿರಬೇಕಲ್ಲ," ಎಂದಳು ಖತಿಜಾಬಿ.

ಸಾಬರು ದಪ್ಪ ಪೈಪಿನೊಳಗೆ ಕೈ ಹಾಕಿದರು. ಮೊಣಕೈತನಕ ಹೋದ ಕೈ ಅಲ್ಲೇ ಸಿಕ್ಕಿಕೊಂಡಿತು. ಜಗ್ಗಿದ ರಭಸಕ್ಕೆ ಜೋಡಣೆ ಕಳಚಿ, ಅರ್ಧ ಪೆಟ್ಟಿಗೆ ನೀರು ಹೊಸ ಅಂಗಿಯ ಮೇಲೆ ಸುರಿಯಿತು. ಅಷ್ಟರಲ್ಲಿ ಬಾಜೂ ಹಿತ್ತಲಲ್ಲಿ ಗದ್ದಲ. ಓಡಿ ಹೋದರು.

ದೋಣಿಯೊಳಗೆ ಮೀನು ಥಳಥಳ ಓಡಾಡುತ್ತಿದ್ದವು. ಶಟ್ಟೆಪ್ಪನ ತಾಯಿ ಕೆಂಚವ್ವ ದೋಣಿಗೆ ಕುಂಕುಮ ಹಚ್ಚಿ, "ಲಕ್ಷ್ಮಿ ತಾನ ಮನಿಗೆ ಬಂದಾಳ," ಎನ್ನುತ್ತಿದ್ದಳು. ಬಾಯಾರಿದ ಎಮ್ಮೆ, ಮದುವೆಗೆ ಕರೆಯದ ಸೋದರಮಾವನಂತೆ ದೂರ ನಿಂತಿತ್ತು. ಗುಂಪಿನ ನಡುವೆ ಇಸ್ರಾರಸಾಬರು ಆಗಲೇ ಬಂದು ನಿಂತಿದ್ದರು.

"ಬೀಗರ, ನಿಮ್ಮ ಬಾಜೂದವ್ರು ಎಮ್ಮಿ ದೋಣ್ಯಾಗ ಇಂಥಾ ಮೀನ ಸಾಕ್ಯಾರ. ಮನ್ಯಾಗ ಇನ್ನೇನೇನೈತೋ."

ನಮ್ಮವು ಎಂದರೆ ಪೈಪಿನ ಮಾನ ಹೋಗುತ್ತದೆ. ಸುಮ್ಮನಿದ್ದರೆ ಮೀನು ಹೋಗುತ್ತವೆ.

"ಅಲ್ರಿ, ಇವು ಸಾಬರ ಪೈಪಿನಿಂದ ತಪ್ಪಿಸಿಕೊಂಡು..." ಎಂದು ಶಟ್ಟೆಪ್ಪ ಬಾಯಿ ತೆರೆದ.

"ತಪ್ಪಿಸಿಕೊಂಡಿಲ್ಲ," ಎಂದರು ಬುರಾನಸಾಬರು. "ನಾನ ಕಳಸೇನಿ. ದೋಣಿ ನೀರಾಗ ಗುಂಗಾಡು ಸೊಳ್ಳಿ ಮರಿ ಹಾಕಿ ಓಣಿಗೆಲ್ಲ ಜ್ವರ ಹಚ್ತಾವ. ಮರಿ ತಿನ್ನಾಕ ಮೀನ ಬೇಕು. ಅದಕ್ಕ ಪೈಪ್ ಅಗಲ ಹಾಕೇನಿ, ಜಾಳಿ ಕಟ್ಟಿಲ್ಲ."

ಶಟ್ಟೆಪ್ಪ ಎರಡೂ ಕೈ ಮುಗಿದ. ಇಸ್ರಾರಸಾಬರು ತೊಯ್ದ ಬೀಗರನ್ನು ಹಾಗೇ ಅಪ್ಪಿಕೊಂಡರು.

"ಶಾಬಾಸ್ ಬೀಗರ. ಮನಿ ಎಲ್ಲಾರೂ ಕಟ್ಟಸ್ತಾರ. ಮಂದಿ ಸಲುವಾಗಿ ಇಷ್ಟು ಯಾರು ಮಾಡ್ತಾರ?"

ಒಳಗೆ ಹೋದ ಮೇಲೆ ಇಸ್ರಾರಸಾಬರಿಗೆ ಮೀನಿಲ್ಲದ ಪೆಟ್ಟಿಗೆ ಕಂಡಿತು. "ಇದ್ಯಾಕ ಖಾಲಿ?"

"ಅದು ಬಸ್‌ಸ್ಟ್ಯಾಂಡ್ ಇದ್ದಂಗ್ರಿ. ಅಲ್ಲಿ ಯಾರೂ ವಸ್ತಿ ಮಾಡಂಗಿಲ್ಲ."

ಬಾಗಿಲಲ್ಲಿ ಕೆಮ್ಮಿದ ಸದ್ದು. ಓಣಿಯ ಆ ತುದಿಯ ಗಂಗಪ್ಪ. ಅವನ ಹಿಂದೆ ದೋಣಿ ಇದ್ದವರೆಲ್ಲ.

"ಸಾಬರ, ನಮ್ಮ ಮನೀತನಕ ಪೈಪ್ ಯಾವಾಗ ಬರತೈತ್ರಿ? ಮೀನ ಸೈತ?"

"ನಾಳೆ ಮಾಡ್ತಾರ ತಗೋ," ಎಂದರು ಇಸ್ರಾರಸಾಬರು, ಬೀಗರ ಬೆನ್ನು ತಟ್ಟುತ್ತ. "ನಾಡಿದ್ದು ನಮ್ಮ ತೊರಗಲ್ಲಿಗೆ."

"ನಾಳೆ," ಎಂದರು ಬುರಾನಸಾಬರು. ಎದೆ ಉಬ್ಬಿತ್ತು. ಅಂಗಿಯಿಂದ ನೀರು ಇನ್ನೂ ಸೋರುತ್ತಿತ್ತು.